ಧ್ವನಿ ಮೊದಲೋ, ಗಡ್ಡ ಮೊದಲೋ? ಹುಬ್ಬಳ್ಳಿ-ಧಾರವಾಡದವರ ಸಲಹೆ ಬೇಕಾಗಿದೆ

ಬೆಟಗೇರಿ_ನೂಲು:

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಟ್ರಾನ್ಸ್ ಮಹಿಳೆ. ಹುಬ್ಬಳ್ಳಿಯಲ್ಲಿ ಔಷಧಗಳ ಸಗಟು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಫೋನಿನ ಮೇಲೆ ಆರ್ಡರ್ ಬರೆದುಕೊಳ್ಳುವ ಕೆಲಸದಲ್ಲಿದ್ದೇನೆ. ದಾಖಲೆಗಳಲ್ಲಿ ಇನ್ನೂ ಗಂಡಸಿನ ಹೆಸರೇ ಇದೆ. ಕಳೆದ ವರ್ಷದಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿದ್ದೇನೆ. ಚರ್ಮ ಮೆದುವಾಗಿದೆ, ಕೈಕಾಲಿನ ಕೂದಲು ತೆಳುವಾಗಿದೆ. ಆದರೆ ಗಡ್ಡ ಬರುವುದು ನಿಂತಿಲ್ಲ, ಧ್ವನಿಯಂತೂ ಎಳ್ಳಷ್ಟೂ ಬದಲಾಗಿಲ್ಲ. ಬೆಳಿಗ್ಗೆ ಎಷ್ಟೇ ನುಣ್ಣಗೆ ಕ್ಷೌರ ಮಾಡಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಗದ್ದದ ಮೇಲೆ ಹಸಿರು ಛಾಯೆ ಮೂಡುತ್ತದೆ. ಫೋನಿನಾಚೆಯವರು ನನ್ನ ಮೊದಲ ಮಾತಿಗೇ ‘ಹೇಳ್ರಿ ಸರ್’ ಎನ್ನುತ್ತಾರೆ.

ಸಂಬಳದಲ್ಲಿ ಪ್ರತಿ ತಿಂಗಳು ಸ್ವಲ್ಪ ಹಣ ಮಾತ್ರ ಇದಕ್ಕಾಗಿ ಎತ್ತಿಡಬಲ್ಲೆ, ಆದ್ದರಿಂದ ಎರಡಕ್ಕೂ ಒಟ್ಟಿಗೆ ಖರ್ಚು ಮಾಡುವ ಶಕ್ತಿಯಿಲ್ಲ. ಯಾವುದನ್ನು ಮೊದಲು ಹಿಡಿಯಬೇಕು? ನನ್ನದು ಕಪ್ಪು ಎನ್ನಬಹುದಾದ ಮೈಬಣ್ಣ. ಲೇಸರ್ ಮಾಡಿಸಿದರೆ ಕಲೆ ಉಳಿಯುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಇನ್ನು ಧ್ವನಿಗೆಂದು ಯೂಟ್ಯೂಬ್ ನೋಡಿ ದನಿಯನ್ನು ಮೇಲಕ್ಕೆ ಎತ್ತಿ ಮಾತನಾಡುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ. ಸಂಜೆಯಾಗುವಷ್ಟರಲ್ಲಿ ಗಂಟಲು ನೋಯುತ್ತದೆ, ಕೇಳಿದವರಿಗೆ ಅದು ಹೆಣ್ಣಿನ ದನಿಯೆಂದೂ ಅನ್ನಿಸುವುದಿಲ್ಲ. ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೋ ಅಥವಾ ನಮ್ಮ ಕಡೆಯೇ ದಾರಿ ಇದೆಯೋ, ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉಣಕಲ್_ಅಕ್ಕ:

ತಂಗೀ, ನಿಮ್ಮ ಹಣ ಗಡ್ಡಕ್ಕೆ ಹೋಗಲಿ, ನಿಮ್ಮ ಸಮಯ ಧ್ವನಿಗೆ ಹೋಗಲಿ. ಗಡ್ಡ ತೆಗೆಸುವ ಕೆಲಸವನ್ನು ನೀವು ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಅವಸರಪಡಿಸಲಾಗದು, ಏಕೆಂದರೆ ಕೂದಲು ತನ್ನ ಬೆಳವಣಿಗೆಯ ಸರದಿ ಬಂದಾಗ ಮಾತ್ರ ಲೇಸರಿಗೆ ಸಿಗುತ್ತದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ನಾಲ್ಕರಿಂದ ಆರು ವಾರ ಕಾಯಲೇಬೇಕು. ಗಂಡಸಿನ ಗಡ್ಡದಷ್ಟು ದಟ್ಟವಾದ ಜಾಗಕ್ಕೆ ಇಂಥ ಸರದಿಗಳು ಹಲವು ಬೇಕಾಗುತ್ತವೆ; ಒಂದು ವರ್ಷಕ್ಕಿಂತ ಮೊದಲೇ ಮುಗಿಯುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಆದ್ದರಿಂದ ಅದನ್ನು ಇಂದೇ ಆರಂಭಿಸಿ. ಧ್ವನಿಯ ಅಭ್ಯಾಸಕ್ಕೆ ಬೇಕಾಗುವುದು ಪ್ರತಿದಿನದ ಸ್ವಲ್ಪ ಹೊತ್ತು. ಅದನ್ನು ಜೊತೆಜೊತೆಯಲ್ಲಿಯೇ ನಡೆಸಬಹುದು.

ಹಾರ್ಮೋನಿನಿಂದ ಗಡ್ಡ ತಾನಾಗಿ ಹೋದೀತೆಂದು ಕಾಯುವವರನ್ನು ನಾನು ಬಹಳ ನೋಡಿದ್ದೇನೆ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಒಮ್ಮೆ ಗಟ್ಟಿಮಾಡಿದ ಗಡ್ಡದ ಬುಡಗಳನ್ನು ಈಸ್ಟ್ರೋಜನ್ ಮತ್ತೆ ನವಿರುಗೂದಲಿನ ಸ್ಥಿತಿಗೆ ಒಯ್ಯಲಾರದು. ಬೆಳವಣಿಗೆ ನಿಧಾನವಾಗಬಹುದು, ಅಷ್ಟೇ.

ಮೈಬಣ್ಣದ ಪ್ರಶ್ನೆ ಮುಖ್ಯವಾದದ್ದು. ಲೇಸರಿನ ಬೆಳಕನ್ನು ಕೂದಲಿನಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಹೀರಿಕೊಳ್ಳುತ್ತದೆ. ಆ ಬೆಳಕು ಶಾಖವಾಗಿ ಕೂದಲಿನ ಬುಡವನ್ನು ಕೆಡಿಸುತ್ತದೆ. ಆದರೆ ಅದೇ ಮೆಲನಿನ್ ನಮ್ಮ ಚರ್ಮದ ಮೇಲ್ಪದರದಲ್ಲಿಯೂ ಧಾರಾಳವಾಗಿದೆ. ಯಂತ್ರ ಸರಿಯಾದದ್ದಲ್ಲದಿದ್ದರೆ ಬುಡಕ್ಕೆ ತಲುಪಬೇಕಾದ ಶಾಖ ಚರ್ಮದಲ್ಲೇ ಉಳಿದು ಬೊಬ್ಬೆ ಏಳುತ್ತದೆ, ಅದು ಮಾಗಿದ ಮೇಲೆ ಕಪ್ಪು ಕಲೆಯೋ ಬಿಳಿ ಕಲೆಯೋ ಉಳಿಯುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿಯ ಚರ್ಮದವರಿಗೆ ಒಗ್ಗುವಂಥದ್ದು. 810 ನ್ಯಾನೋಮೀಟರಿನ ಡಯೋಡ್ ಲೇಸರನ್ನು ಗೋಧಿಬಣ್ಣದವರಿಗೆ ಜಾಣ್ಮೆಯಿಂದ ಬಳಸಬಹುದು. ನಿಮ್ಮಂಥವರಿಗೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರೇ ಹೆಚ್ಚು ಸುರಕ್ಷಿತ, ಏಕೆಂದರೆ ಅದರ ಬೆಳಕನ್ನು ಮೇಲ್ಪದರದ ಮೆಲನಿನ್ ಕಡಿಮೆ ಹೀರುತ್ತದೆ ಮತ್ತು ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಫೋನ್ ಮಾಡಿ ವಿಚಾರಿಸುವಾಗ ‘ಲೇಸರ್ ಇದೆಯೇ’ ಎಂದು ಕೇಳಬೇಡಿ, ‘ಯಾವ ಲೇಸರ್ ಇದೆ, ನಡೆಸುವವರು ಯಾರು’ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಬೇರೆ ಕಡೆ ನೋಡಿ. ಬ್ಯೂಟಿ ಪಾರ್ಲರುಗಳಲ್ಲಿ ಅಗ್ಗವಾಗಿ ಸಿಗುವ ಐಪಿಎಲ್ (ಕ್ರಿಕೆಟ್ಟಿನದಲ್ಲ) ಲೇಸರೇ ಅಲ್ಲ. ಅದು ಹಲವು ತರಂಗಾಂತರಗಳು ಕೂಡಿರುವ ಬೆಳಕು. ನನ್ನ ಗೆಳತಿಯೊಬ್ಬರು ಅದನ್ನು ಮಾಡಿಸಿಕೊಂಡು ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಕಲೆ ಬಿದ್ದು, ಅದು ಮಾಯಲು ತಿಂಗಳುಗಟ್ಟಲೆ ಕಾಯಬೇಕಾಯಿತು.

ಚರ್ಮರೋಗ ವೈದ್ಯರಿರುವ ಕಡೆಯೇ ಹೋಗಿ, ಮೊದಲು ಕಿವಿಯ ಕೆಳಗೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲ ದಿನ ಬಿಟ್ಟು ಚರ್ಮವನ್ನು ನೋಡಿಕೊಂಡು ಮುಂದುವರಿಯಿರಿ. ಇಡೀ ಪ್ಯಾಕೇಜಿನ ಹಣವನ್ನು ಮೊದಲೇ ಕಟ್ಟಬೇಡಿ. ಎರಡು ಸರದಿಗಳ ನಡುವೆ ಥ್ರೆಡಿಂಗ್, ವ್ಯಾಕ್ಸಿಂಗ್, ಚಿಮಟ ಯಾವುದೂ ಕೂಡದು. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಕ್ಷೌರ ಮಾಡಿಕೊಳ್ಳಬಹುದು, ಮಾಡಿಕೊಂಡೇ ಹೋಗಬೇಕು. ಮೇಲುತುಟಿಯ ಭಾಗ ಎಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಲಿಡೋಕೇನ್ ಮತ್ತು ಪ್ರಿಲೋಕೇನ್ ಇರುವ ಮರಗಟ್ಟಿಸುವ ಮುಲಾಮನ್ನು ವೈದ್ಯರು ಹೇಳಿದಷ್ಟೇ ಹಚ್ಚಿಕೊಳ್ಳಿ. ಬಿಸಿಲಿನ ವಿಷಯದಲ್ಲಿ ನಿರ್ಲಕ್ಷ್ಯ ಬೇಡ: ಹೊಲದ ಕೆಲಸಕ್ಕೋ ಜಾತ್ರೆಗೋ ಹೋಗಿ ಮುಖ ಕಪ್ಪಿಟ್ಟಿದ್ದರೆ ಆ ಸಲ ಲೇಸರ್ ಮುಂದೂಡಿ. ದಿನವೂ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ.

ಲೇಸರ್ ಬಿಳಿಗೂದಲನ್ನು ಮುಟ್ಟುವುದಿಲ್ಲ, ಎಲ್ಲ ಕಪ್ಪು ಕೂದಲನ್ನೂ ಮುಗಿಸುವುದಿಲ್ಲ. ಅಮೆರಿಕದ ಎಫ್‌ಡಿಎ ಲೇಸರಿನಿಂದ ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂದಷ್ಟೇ ಹೇಳಲು ಒಪ್ಪುತ್ತದೆ. ಶಾಶ್ವತ ನಿವಾರಣೆ ಎಂಬ ಮಾತು ಎಲೆಕ್ಟ್ರಾಲಿಸಿಸಿಗೆ ಮಾತ್ರ. ಇದು ಹೊಸದೇನಲ್ಲ: ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಈ ವಿಧಾನವನ್ನು ಬಳಸಿದ್ದನ್ನು 1875ರಲ್ಲಿಯೇ ಪ್ರಕಟಿಸಿದ್ದರು. ಒಂದೊಂದೇ ಕೂದಲಿನ ರಂಧ್ರಕ್ಕೆ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸಿ ಬುಡವನ್ನು ಕೊಲ್ಲುತ್ತಾರೆ. ಕೂದಲಿನ ಬಣ್ಣವೂ ಚರ್ಮದ ಬಣ್ಣವೂ ಇಲ್ಲಿ ಲೆಕ್ಕಕ್ಕಿಲ್ಲ. ಪೂರ್ತಿ ಗಡ್ಡಕ್ಕೆ ನೂರಾರು ತಾಸು ಹಿಡಿಯಬಹುದು. ಹಾಗಾಗಿ ಮೊದಲು ಲೇಸರಿನಿಂದ ದಟ್ಟಣೆ ಇಳಿಸಿ, ಉಳಿದ ಬಿಡಿಗೂದಲಿಗೆ ಮಾತ್ರ ಎಲೆಕ್ಟ್ರಾಲಿಸಿಸ್ ಮಾಡಿಸುವುದು ಖರ್ಚಿಗೂ ಸಹನೆಗೂ ಒಳ್ಳೆಯದು.

ಅಲ್ಲಿಯವರೆಗೆ ಆ ಹಸಿರು ಛಾಯೆಗೆ ಫೌಂಡೇಶನ್ ಒಂದನ್ನೇ ದಪ್ಪವಾಗಿ ಬಳಿದರೆ ಮುಖ ಬೂದಿಬಣ್ಣಕ್ಕೆ ತಿರುಗುತ್ತದೆ. ಕ್ಷೌರವಾದ ಮೇಲೆ ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ತಟ್ಟಿ, ಅದರ ಮೇಲೆ ನಿಮ್ಮ ಮೈಬಣ್ಣದ ಫೌಂಡೇಶನ್ ಹಚ್ಚಿ, ಪೌಡರ್ ಒತ್ತಿ ನೋಡಿ.

ಮಾತಿನ_ಮನೆ:

ನಾನು ಧಾರವಾಡದ ಕಡೆ ವಾಕ್ ಚಿಕಿತ್ಸಕಿಯಾಗಿ ಕೆಲಸ ಮಾಡುವವಳು. ಗಡ್ಡದ ವಿಷಯದಲ್ಲಿ ಅಕ್ಕನವರು ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಧ್ವನಿಯ ಬಗ್ಗೆ ಬರೆಯುತ್ತೇನೆ, ಆದರೆ ಇದು ನೇರ ತಪಾಸಣೆಗೆ ಬದಲಲ್ಲ.

ಮೊದಲಿಗೆ, ಗಂಟಲು ನೋಯುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಸರಿಯಾದ ಅಭ್ಯಾಸದಲ್ಲಿ ದಣಿವಾಗಬಹುದು, ನೋವಾಗಕೂಡದು. ದನಿ ಒಡೆದುಕೊಂಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಂದ ಧ್ವನಿತಂತುಗಳನ್ನು ನೋಡಿಸಿಕೊಳ್ಳಬೇಕು.

ಈಸ್ಟ್ರೋಜನ್ ನಿಮ್ಮ ಧ್ವನಿಯನ್ನು ಏಕೆ ಬದಲಿಸಲಿಲ್ಲ ಎಂದರೆ, ಹರೆಯದಲ್ಲಿ ಬೆಳೆದ ಧ್ವನಿಪೆಟ್ಟಿಗೆ ಮತ್ತು ದಪ್ಪಗಾದ ಧ್ವನಿತಂತುಗಳು ಹಾರ್ಮೋನ್ ಬದಲಾದರೂ ಕುಗ್ಗುವುದಿಲ್ಲ. ಉಳಿದಿರುವ ದಾರಿ ಆ ಅಂಗಗಳನ್ನು ಬಳಸುವ ರೀತಿಯನ್ನು ಬದಲಿಸುವುದು. ಇಲ್ಲಿ ಹೆಚ್ಚಿನವರು ಶ್ರುತಿಯೊಂದರ ಹಿಂದೆ ಬೀಳುತ್ತಾರೆ. ಗಂಡಸರ ಮಾತಿನ ಮೂಲಕಂಪನ (ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬ ಎಣಿಕೆ) ಸರಾಸರಿ 100ರಿಂದ 130 ಹರ್ಟ್ಸ್ ಆಸುಪಾಸಿನಲ್ಲಿ, ಹೆಂಗಸರದು 200 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ ಎಂಬುದು ನಿಜ. ಆದರೆ ಈ ಎರಡರ ನಡುವೆ, ಸುಮಾರು 145ರಿಂದ 175 ಹರ್ಟ್ಸ್‌ವರೆಗೆ, ಶ್ರುತಿಯೊಂದರಿಂದಲೇ ಗಂಡೋ ಹೆಣ್ಣೋ ಎಂದು ತೀರ್ಮಾನಿಸಲಾಗದ ವಲಯವಿದೆ. ಅಲ್ಲಿ ಕಿವಿ ಬೇರೆ ಗುಣಗಳನ್ನು ಹಿಡಿಯುತ್ತದೆ. ನೀವು ಈಗ ಮಾಡುತ್ತಿರುವುದು, ನಿಮ್ಮ ವಿವರಣೆಯನ್ನು ನೋಡಿದರೆ, ಗಂಡಸಿನ ಗಂಟಲಿನ ಆಕಾರವನ್ನು ಹಾಗೆಯೇ ಇಟ್ಟುಕೊಂಡು ಶ್ರುತಿಯನ್ನು ಮಾತ್ರ ಎಳೆದೆತ್ತುವುದು. ಅದು ಕಳ್ಳದನಿಯಂತೆ ಕೇಳಿಸುತ್ತದೆಯೇ ಹೊರತು ಹೆಣ್ಣುದನಿಯಂತೆ ಕೇಳಿಸುವುದಿಲ್ಲ.

ನಿಜವಾಗಿ ಕೆಲಸ ಮಾಡಬೇಕಾದದ್ದು ಅನುರಣನದ ಮೇಲೆ, ಅಂದರೆ ಗಂಟಲು ಮತ್ತು ಬಾಯಿಯ ಪೊಳ್ಳಿನಲ್ಲಿ ದನಿ ಮೊಳಗುವ ಬಗೆಯ ಮೇಲೆ. ಧ್ವನಿತಂತುಗಳಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಉದ್ದ, ಹೆಂಗಸರಲ್ಲಿ ಗಿಡ್ಡ. ತಬಲಾದ ಜೋಡಿಯಲ್ಲಿ ದೊಡ್ಡ ಎಡಕ್ಕೂ ಸಣ್ಣ ಬಲಕ್ಕೂ ಇರುವ ವ್ಯತ್ಯಾಸದಂತೆ, ಪಾತ್ರೆ ಸಣ್ಣದಾದಷ್ಟೂ ನಾದ ಹೊಳಪಾಗುತ್ತದೆ. ಆ ಕೊಳವೆಯನ್ನು ಮಾತನಾಡುವಾಗ ಸ್ವಲ್ಪ ಗಿಡ್ಡ ಮಾಡಿಕೊಳ್ಳಲು ಕಲಿಯಬಹುದು. ಗಂಟಲಿನ ಮುಂದೆ ಉಬ್ಬಿ ಕಾಣುವ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಧ್ವನಿಪೆಟ್ಟಿಗೆ ಮೇಲಕ್ಕೆ ಹೋಗುವುದು ತಿಳಿಯುತ್ತದೆ, ಆಕಳಿಸಿದರೆ ಕೆಳಗಿಳಿಯುವುದು ತಿಳಿಯುತ್ತದೆ. ಆಮೇಲೆ ದನಿಯಿಲ್ಲದೆ, ಬರೀ ಉಸಿರಿನಲ್ಲಿ, ದೊಡ್ಡ ನಾಯಿ ತೇಕುವಂತೆಯೂ ಮರಿನಾಯಿ ತೇಕುವಂತೆಯೂ ತೇಕಿ ನೋಡಿ. ಮರಿನಾಯಿಯ ತೇಕಿನಲ್ಲಿ ಬಾಯಿಯ ಹಿಂಭಾಗದ ಜಾಗ ಕಿರಿದಾಗುವುದು ಅನುಭವಕ್ಕೆ ಬರುತ್ತದೆ. ಆ ಆಕಾರವನ್ನು ಬಿಗಿಯಿಲ್ಲದೆ ಉಳಿಸಿಕೊಂಡು ಅದರೊಳಗೆ ದನಿಯನ್ನು ತುಂಬುವುದೇ ಮುಂದಿನ ಹೆಜ್ಜೆ. ಆಮೇಲಷ್ಟೇ ಪದ, ವಾಕ್ಯ, ಸಂಭಾಷಣೆ.

ನಮ್ಮ ಭಾಗದ ಮಾತು ಇದಕ್ಕೆ ಚೆನ್ನಾಗಿ ಒದಗುತ್ತದೆ. ಇ, ಈ, ಎ, ಏ ಸ್ವರಗಳಲ್ಲಿ ನಾಲಿಗೆ ಮುಂದಕ್ಕೆ ಬರುವುದರಿಂದ ಹೊಳಪು ಸುಲಭವಾಗಿ ಸಿಗುತ್ತದೆ. ಊ, ಓ ಸ್ವರಗಳಲ್ಲಿ ತುಟಿ ಮುಂಚಾಚಿ ಕೊಳವೆ ಉದ್ದವಾಗಿ ಹಳೆಯ ದನಿ ನುಸುಳುತ್ತದೆ. ಹುಬ್ಬಳ್ಳಿಯಲ್ಲಿ ಎರಡು ಮಾತಿಗೊಮ್ಮೆ ‘ರೀ’ ಬರುತ್ತದೆಯಷ್ಟೆ: ‘ಹೌದ್ರೀ’, ‘ಬರ್ರೀ’, ‘ಏನ್ರೀ’, ‘ಇಲ್ರೀ’. ಮೊದಲು ಇವುಗಳಲ್ಲಿ ದನಿಯನ್ನು ನಿಲ್ಲಿಸಿ, ಆಮೇಲೆ ‘ಹೂಂ’, ‘ಊಟ’, ‘ಹೋಗೋಣು’ ಎಂಬಂಥ ಕಷ್ಟದವುಗಳಿಗೆ ಹೋಗಿ. ನಿಮ್ಮ ಕೆಲಸದಲ್ಲಿ ಬರುವ ಔಷಧದ ಹೆಸರುಗಳನ್ನೇ ಓದಿ ರೆಕಾರ್ಡ್ ಮಾಡಿಕೊಂಡು, ಮರುದಿನ ಕೇಳಿ. ಕೂಡಲೇ ಕೇಳಿದರೆ ಕಿವಿ ಸರಿಯಾಗಿ ತೀರ್ಪು ಕೊಡುವುದಿಲ್ಲ.

ಮೂರನೆಯದು ದನಿಯ ಭಾರ. ಧ್ವನಿತಂತುಗಳು ದಪ್ಪವಾಗಿ ಬಲವಾಗಿ ಮುಚ್ಚಿಕೊಂಡರೆ ದನಿ ಭಾರವಾಗುತ್ತದೆ, ಹಗುರವಾಗಿ ಮುಚ್ಚಿಕೊಂಡರೆ ತೆಳುವಾಗುತ್ತದೆ. ಹಗುರ ಎಂದರೆ ಪಿಸುಮಾತಲ್ಲ. ಉಸಿರು ಸೋರುವ ದನಿಯನ್ನು ಅಭ್ಯಾಸ ಮಾಡಿಕೊಂಡವರ ಮಾತು ದುರ್ಗದಬೈಲಿನ ಸಂತೆಯಂಥ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ, ಏರಿಸಲು ಹೋದರೆ ಹಳೆಯ ಭಾರ ಮರಳಿ ಬರುತ್ತದೆ. ಲೋಟದಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ಸ್ಟ್ರಾ ಮೂಲಕ ಗುಳ್ಳೆ ಎಬ್ಬಿಸುತ್ತ ‘ಊ’ ಎಂದು ದನಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಅಭ್ಯಾಸ ತಂತುಗಳಿಗೆ ಆಯಾಸ ಕೊಡದೆ ಈ ಹಗುರತನವನ್ನು ಕಲಿಸುತ್ತದೆ. ಗಂಟಲು ದಣಿದಾಗಲೂ ಅದು ಒಳ್ಳೆಯದು. ನೀರು ಕುಡಿಯಿರಿ, ರಾತ್ರಿ ತಡವಾಗಿ ಮಿರ್ಚಿ ಭಜಿ ತಿಂದು ಕೂಡಲೇ ಮಲಗುವ ರೂಢಿಯಿದ್ದರೆ ಬಿಡಿ, ಹುಳಿತೇಗಿನ ಆಮ್ಲ ಧ್ವನಿತಂತುಗಳನ್ನು ಕೆರಳಿಸುತ್ತದೆ. ಕೆಮ್ಮು, ಸೀನು, ನಗು ಇವು ಕೊನೆಗೆ ಬದಲಾಗುವಂಥವು; ಅವುಗಳಿಗಾಗಿ ಈಗ ತಲೆಕೆಡಿಸಿಕೊಳ್ಳಬೇಡಿ.

ಫೋನ್ ನಿಮಗೆ ಕಷ್ಟವಾಗಿರುವುದಕ್ಕೂ ಕಾರಣವಿದೆ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಸಾಗಿಸುವಂತೆ ರೂಪುಗೊಂಡಿತ್ತು; ಅಂದರೆ ಗಂಡಸಿನದಾಗಲಿ ಹೆಂಗಸಿನದಾಗಲಿ ಮೂಲಕಂಪನವೇ ತಂತಿಯಲ್ಲಿ ಹೋಗುತ್ತಿರಲಿಲ್ಲ, ಮೇಲಿನ ಸ್ವರಾಂಶಗಳಿಂದ ಕೇಳುವವರ ಮಿದುಳು ಅದನ್ನು ಕಟ್ಟಿಕೊಳ್ಳುತ್ತಿತ್ತು. ಇಂದಿನ ಮೊಬೈಲುಗಳಲ್ಲಿ ಎಚ್‌ಡಿ ಕರೆ ಇದ್ದರೂ ಎಲ್ಲ ಕರೆಗಳೂ ಹಾಗಿರುವುದಿಲ್ಲ. ಎದುರಿಗಿರುವವರಿಗೆ ನಿಮ್ಮ ಉಡುಪು, ಮುಖ, ಹಾವಭಾವ ಕಾಣುತ್ತವೆ. ಫೋನಿನಲ್ಲಿ ಅವಾವುದೂ ಇಲ್ಲ, ಅನುರಣನವೇ ಸಾಕ್ಷಿ. ಆದ್ದರಿಂದ ಫೋನನ್ನು ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಬೇಡಿ.

ತಜ್ಞರಿಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಧಾರವಾಡದಲ್ಲಿಯೇ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮತ್ತು ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗಳಲ್ಲಿ ಗಂಟಲಿನ ವೈದ್ಯರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ವಿದ್ಯೆಯ ದೊಡ್ಡ ಕೇಂದ್ರ. ಎಲ್ಲಿಗೆ ಹೋದರೂ ‘ಟ್ರಾನ್ಸ್ ಮಹಿಳೆಯರ ಧ್ವನಿ ತರಬೇತಿಯಲ್ಲಿ ಅನುಭವವಿದೆಯೇ’ ಎಂದು ಮುಂಚಿತವಾಗಿ ಕೇಳಿ. ಬರೀ ತೊದಲುವಿಕೆ ಮತ್ತು ಮಕ್ಕಳ ಮಾತಿನ ತೊಂದರೆಗಳನ್ನು ನೋಡುವವರಿಗೆ ಇದು ಹೊಸದಾಗಿರಬಹುದು. ಯಾರಾದರೂ ಇದನ್ನು ಸೊಗಸಿನ ಹವ್ಯಾಸವೆಂದು ತಳ್ಳಿಹಾಕಿದರೆ, 2022ರಲ್ಲಿ ಪ್ರಕಟವಾದ ಡಬ್ಲ್ಯೂಪಾಥ್ (ಟ್ರಾನ್ಸ್ ಜನರ ಆರೋಗ್ಯಕ್ಕಾಗಿರುವ ತಜ್ಞರ ಜಾಗತಿಕ ಸಂಘ) ಮಾರ್ಗಸೂಚಿಯ 8ನೆಯ ಆವೃತ್ತಿಯಲ್ಲಿ ಧ್ವನಿ ಮತ್ತು ಸಂವಹನಕ್ಕೆಂದೇ ಒಂದು ಅಧ್ಯಾಯವಿದೆ ಎಂದು ತಿಳಿಸಿ.

ಸವದತ್ತಿ_ಹಾದಿ:

ತಂಗೆವ್ವಾ, ನಾನು ವಯಸ್ಸಾದವಳು, ಎಲ್ಲಮ್ಮನ ಹೆಸರಿನಲ್ಲಿ ಜೋಗತಿಯರ ಜೊತೆಗೇ ಬದುಕಿದವಳು. ನಮ್ಮಲ್ಲಿ ಲೇಸರ್ ಇರಲಿಲ್ಲ, ಚಿಮಟವೇ ಇತ್ತು. ಅದರಿಂದ ಬುಡ ಸಾಯುವುದಿಲ್ಲ, ಕೂದಲು ಒಳಗೊಳಗೇ ಬೆಳೆದು ಕೀವು ತುಂಬಿ ಗದ್ದದ ಮೇಲೆ ಕಪ್ಪು ಚುಕ್ಕೆಗಳು ಉಳಿಯುತ್ತವೆ. ನಿಮಗೆ ಬೇರೆ ದಾರಿ ಇರುವುದರಿಂದ ಅದನ್ನು ಮುಟ್ಟಬೇಡಿ.

ಧ್ವನಿಯ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಚೌಡಿಕೆ ಹಿಡಿದು ಹಾಡುವ ನಮ್ಮ ಹಿರಿಯರು ಯಾರೂ ದನಿಯನ್ನು ತೆಳುವು ಮಾಡಿಕೊಂಡವರಲ್ಲ, ಆ ದನಿಯಲ್ಲಿಯೇ ಜನ ಅವರಿಗೆ ಕೈಮುಗಿದಿದ್ದಾರೆ. ಅಷ್ಟೇಕೆ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಂಠವನ್ನೇ ಕೇಳಿ. ಹರೆಯದಲ್ಲಿ ಎತ್ತರದ, ತೆಳುವಾದ ದನಿಯಿದ್ದ ಅವರಿಗೆ ಟಾನ್ಸಿಲ್ ಚಿಕಿತ್ಸೆಯ ನಂತರ ಕಂಠ ಇಳಿದು ಗಡುಸಾಯಿತು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಅವರು ಆ ಗಡಸು ಕಂಠದಲ್ಲಿಯೇ ದೇಶವನ್ನೆಲ್ಲ ಗೆದ್ದರು, ರೇಡಿಯೋದಲ್ಲಿ ಕೇಳಿ ಗಂಡಸೆಂದುಕೊಂಡವರೂ ಇದ್ದರು. ಅವರನ್ನು ಹೆಂಗಸಲ್ಲ ಎಂದವರು ಯಾರು? ನಿಮಗೆ ಬೇಕೆನಿಸಿದರೆ ಕಲಿಯಿರಿ, ಅದಿಲ್ಲದೆ ಹೆಣ್ಣಾಗಲಾರೆ ಎಂದು ಮಾತ್ರ ಕಲಿಯಬೇಡಿ.

ಮಾತಿನ_ಮನೆ:

ಹಿರಿಯರ ಮಾತನ್ನು ಒಪ್ಪುತ್ತೇನೆ. ಗಂಗೂಬಾಯಿಯವರ ಉದಾಹರಣೆ, ಶ್ರುತಿಯ ಇಳಿತವೊಂದೇ ಹೆಣ್ಣುತನವನ್ನು ತೀರ್ಮಾನಿಸುವುದಿಲ್ಲ ಎಂಬುದಕ್ಕೆ ನಾನು ಕೊಡಬಹುದಾಗಿದ್ದ ಉದಾಹರಣೆಗಿಂತ ಚೆನ್ನಾಗಿದೆ. ಆದರೆ ಅವರು ವೇದಿಕೆಗೆ ಬಂದಾಗ ಜನರಿಗೆ ಅವರು ಯಾರೆಂದು ಗೊತ್ತಿತ್ತು. ರಾತ್ರಿ ಕಡೆಯ ಚಿಗರಿ ಬಸ್ಸಿನಲ್ಲಿ ಒಬ್ಬಳೇ ಬರುವ ಹುಡುಗಿ ಫೋನ್ ಎತ್ತಿ ಮಾತನಾಡಿದ ಕೂಡಲೇ ಸುತ್ತಲಿನವರು ತಿರುಗಿ ನೋಡುತ್ತಾರೆ ಎಂಬ ಭಯ ಬೇರೆಯದು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸುರಕ್ಷತೆಗಾಗಿ ಬರುತ್ತಾರೆ, ಒಪ್ಪಿಗೆಗಾಗಿ ಬರುವವರು ಕಡಿಮೆ.

ಬೆಟಗೇರಿ_ನೂಲು:

ಮೂವರಿಗೂ ಮನಸಾರೆ ಧನ್ಯವಾದಗಳು. ಮೂರು ಸಂದೇಹಗಳು ಉಳಿದಿವೆ. ಎಲೆಕ್ಟ್ರಾಲಿಸಿಸಿಗೆ ಕೂದಲು ಬೆಳೆಸಿಕೊಂಡು ಹೋಗಬೇಕು ಎಂದು ಓದಿದೆ; ಕುರುಚಲು ಗಡ್ಡದಲ್ಲಿ ಕಚೇರಿಗೆ ಹೋಗುವುದನ್ನು ನೆನೆಸಿಕೊಂಡರೇ ನಾಚಿಕೆಯಾಗುತ್ತದೆ. ಇನ್ನು ನನ್ನ ಕೋಣೆಯ ಗೋಡೆಗಳು ತೆಳುವಾದವು, ಪಕ್ಕದವರಿಗೆ ಎಲ್ಲವೂ ಕೇಳಿಸುತ್ತದೆ, ಅಭ್ಯಾಸ ಎಲ್ಲಿ ಮಾಡಲಿ? ಧ್ವನಿಗೆ ಶಸ್ತ್ರಚಿಕಿತ್ಸೆಯೂ ಇದೆಯಂತೆ, ಅದನ್ನೇ ಮಾಡಿಸಿಕೊಂಡರೆ ಇಷ್ಟೆಲ್ಲ ಬೇಕಾಗುವುದಿಲ್ಲವೇ?

ಉಣಕಲ್_ಅಕ್ಕ:

ಹಿಡಿಯಲು ಸಿಗುವಷ್ಟು, ಒಂದೆರಡು ಮಿಲಿಮೀಟರ್, ಕೂದಲು ಬೇಕು ಎಂಬುದು ನಿಜ. ವಾರದ ರಜೆಗೆ ಮುಂಚಿನ ಎರಡು ದಿನ ಕ್ಷೌರ ಬಿಟ್ಟು ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ. ಔಷಧದ ಕಚೇರಿಯಲ್ಲಿ ಮಾಸ್ಕ್ ಹಾಕಿದರೆ ಯಾರೂ ಕೇಳುವುದಿಲ್ಲ. ಇಡೀ ಮುಖವನ್ನು ಬೆಳೆಸಬೇಕಾಗಿಯೂ ಇಲ್ಲ. ಆ ಸಲ ಮೇಲುತುಟಿ ಮಾಡಿಸುವುದಿದ್ದರೆ ಅಷ್ಟನ್ನೇ ಬಿಟ್ಟು ಉಳಿದದ್ದನ್ನು ಬೋಳಿಸಿಕೊಳ್ಳಿ. ಲೇಸರಿನ ಹಂತ ಮುಗಿದ ಮೇಲೆ ಉಳಿಯುವುದು ಅಲ್ಲೊಂದು ಇಲ್ಲೊಂದು ಕೂದಲಾದ್ದರಿಂದ ಈ ನಾಚಿಕೆಯೂ ಆಗ ಅಷ್ಟು ಇರುವುದಿಲ್ಲ.

ಮಾತಿನ_ಮನೆ:

ಶಸ್ತ್ರಚಿಕಿತ್ಸೆ ಇದೆ. ವೆಂಡ್ಲರ್ ಗ್ಲಾಟೊಪ್ಲಾಸ್ಟಿ ಎಂಬುದರಲ್ಲಿ ಧ್ವನಿತಂತುಗಳ ಮುಂಭಾಗವನ್ನು ಹೊಲಿದು ಕಂಪಿಸುವ ಉದ್ದವನ್ನು ಕಡಿಮೆ ಮಾಡುತ್ತಾರೆ, ಅದರಿಂದ ಶ್ರುತಿ ಏರುತ್ತದೆ. ಕೊಳವೆಯ ಉದ್ದ ಮಾತ್ರ ಇದ್ದಷ್ಟೇ ಇರುತ್ತದೆ, ಆದ್ದರಿಂದ ಅನುರಣನದ ಅಭ್ಯಾಸ ಆಮೇಲೂ ತಪ್ಪುವುದಿಲ್ಲ. ದನಿಯ ಜೋರು ಮತ್ತು ವ್ಯಾಪ್ತಿ ಕುಗ್ಗುವ ಸಾಧ್ಯತೆಯೂ ಇದೆ, ಮೊದಲ ಕೆಲವು ದಿನ ಪೂರ್ತಿ ಮೌನ ಪಾಲಿಸಬೇಕಾಗುತ್ತದೆ. ಫೋನಿನ ಕೆಲಸದಲ್ಲಿರುವ ನಿಮಗೆ ಅದು ಮೊದಲ ಆಯ್ಕೆಯಲ್ಲ. ಒಂದು ವರ್ಷ ಸರಿಯಾಗಿ ತರಬೇತಿ ಪಡೆದ ಮೇಲೂ ತೃಪ್ತಿಯಾಗದಿದ್ದರೆ ಆಗ ಯೋಚಿಸಿ.

ಅಭ್ಯಾಸದ ಜಾಗಕ್ಕೆ ಬಂದರೆ, ಸ್ಟ್ರಾದ ಗುಳ್ಳೆ, ಬಾಯಿ ಮುಚ್ಚಿ ಗುನುಗುವುದು, ದನಿಯಿಲ್ಲದ ತೇಕು ಇವು ಯಾವ ಗೋಡೆಯನ್ನೂ ದಾಟುವುದಿಲ್ಲ. ಮೊದಲ ಕೆಲವು ವಾರಗಳಿಗೆ ಅಷ್ಟೇ ಸಾಕು, ದಿನಕ್ಕೆ ಎರಡು-ಮೂರು ಸಲ ಹತ್ತು ನಿಮಿಷದಂತೆ. ವಾಕ್ಯಗಳನ್ನು ಹೇಳುವ ಹಂತ ಬಂದಾಗ ಬೆಳಗಿನ ಹೊತ್ತು ಉಣಕಲ್ ಕೆರೆಯ ದಂಡೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ನಡೆಯುತ್ತ ಮಾತನಾಡಿ, ನೋಡಿದವರು ಯಾರೊಂದಿಗೋ ಫೋನಿನಲ್ಲಿದ್ದಾಳೆ ಎಂದುಕೊಳ್ಳುತ್ತಾರೆ. ಕಚೇರಿಯ ಕರೆಗಳಲ್ಲಿ ಹೊಸ ದನಿಯನ್ನು ಬಳಸುವುದಾದರೆ ಹಳೆಯ ಗಿರಾಕಿಗಳಿಂದ ಆರಂಭಿಸಬೇಡಿ. ನಿಮ್ಮ ದನಿಯ ಗುರುತಿಲ್ಲದ ಹೊಸ ಅಂಗಡಿಯವರ ಕರೆಯನ್ನು ಆರಿಸಿಕೊಂಡು, ಮೊದಮೊದಲು ಆರ್ಡರನ್ನು ಖಚಿತಪಡಿಸುವ ಕೊನೆಯ ಒಂದೆರಡು ವಾಕ್ಯಗಳನ್ನಷ್ಟೇ ಆ ದನಿಯಲ್ಲಿ ಹೇಳಿ ನೋಡಿ.